ಟೈಮೌಟ್ ಆದ ಮೇಲೂ ಓಡುತ್ತಿರುವ ಕೆಲಸ

ಮಂಗಳೂರು, ಮಣಿಪಾಲದ ಸಾಫ್ಟ್‌ವೇರ್ ಆಫೀಸುಗಳಿಗೆ ಹೊಸದಾಗಿ ಸೇರಿದವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ: "ಐದು ಸೆಕೆಂಡಿನ ಟೈಮೌಟ್ ಹಾಕಿದ್ದೆ ಸರ್. ಎರರ್ ಬಂತು, ಮತ್ತೊಮ್ಮೆ ಕಳಿಸಿದೆ. ಈಗ ನೋಡಿದ್ರೆ ಒಂದೇ ಆರ್ಡರ್ ಎರಡು ಸಲ ಉಂಟು. ಎಂತ ಇದು?"

ಟೈಮೌಟ್ ಹೇಳಿದಷ್ಟನ್ನೇ ಮಾಡಿದೆ. ಐದು ಸೆಕೆಂಡ್ ಕಾದಿದೆ, ಆಮೇಲೆ ಕಾಯುವುದನ್ನು ಬಿಟ್ಟಿದೆ. ಆಚೆ ಕಡೆ ಕೆಲಸ ಮಾಡುತ್ತಿದ್ದ ಸರ್ವರ್‌ಗೆ ಈ ವಿಷಯ ಯಾರೂ ಹೇಳಿರಲಿಲ್ಲ, ಅಷ್ಟೇ. ಅದನ್ನು ಹೇಳುವುದು ಹೇಗೆ ಎಂದು ಪ್ರೋಗ್ರಾಮಿಂಗ್ ಲೋಕ ಹತ್ತಾರು ವರ್ಷ ತಲೆ ಕೆಡಿಸಿಕೊಂಡಿದೆ.

ಸಮಸ್ಯೆ ಶುರುವಾದದ್ದು ನೆಟ್‌ವರ್ಕ್‌ನಲ್ಲಿ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ತಂಡ ರೇಡಿಯೊ ಮೂಲಕ ಕಂಪ್ಯೂಟರ್‌ಗಳನ್ನು ಜೋಡಿಸಿತು. ಅದರ ಹೆಸರು ಅಲೋಹಾನೆಟ್. ಇಬ್ಬರು ಒಟ್ಟಿಗೆ ಕಳಿಸಿದರೆ ಇಬ್ಬರ ಸಂದೇಶವೂ ಹಾಳು. ಅದಕ್ಕೆ ಅವರು ಕಂಡುಕೊಂಡ ದಾರಿ ಸರಳ: "ತಲುಪಿತು" ಎಂಬ ಉತ್ತರ ಸ್ವಲ್ಪ ಹೊತ್ತಿನಲ್ಲಿ ಬಾರದಿದ್ದರೆ ಮತ್ತೆ ಕಳಿಸು. ಆದರೆ ಸಂದೇಶ ತಲುಪಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿದ್ದರೆ? ಕಳಿಸಿದವನಿಗೆ ಎರಡೂ ಒಂದೇ ತರ ಕಾಣುತ್ತದೆ. ನಮ್ಮ ಆರ್ಡರ್ ಎರಡಾದದ್ದೂ ಇದೇ ರೀತಿ.

ಎಷ್ಟು ಹೊತ್ತು ಕಾಯಬೇಕು ಎಂಬ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂದು 1986ರ ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ದೂರ ಸುಮಾರು 400 ಗಜ. ಅಷ್ಟು ಹತ್ತಿರದ ಆ ಎರಡು ಜಾಗಗಳ ನಡುವೆ ಡೇಟಾ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ನೆಟ್‌ವರ್ಕ್ ನಿಧಾನವಾದಷ್ಟೂ ಕಂಪ್ಯೂಟರ್‌ಗಳು ಸಂದೇಶ ಕಳೆದೇಹೋಯಿತು ಎಂದುಕೊಂಡು ಮತ್ತೆ ಕಳಿಸುತ್ತಿದ್ದವು. ಅದರಿಂದ ದಟ್ಟಣೆ ಇನ್ನೂ ಜಾಸ್ತಿ. ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ಮದ್ದು ಕೊಟ್ಟಿತು. ಉತ್ತರ ಬರಲು ಹಿಡಿಯುವ ಸಮಯದ ಸರಾಸರಿ ಮಾತ್ರ ಸಾಲದು, ಅದರ ಏರಿಳಿತವನ್ನೂ ನೋಡಿ ಟೈಮೌಟ್ ಇಡಬೇಕು. ಉತ್ತರ ಬಾರದಿದ್ದರೆ ಪ್ರತಿ ಸಲ ಇನ್ನಷ್ಟು ಕಾಯಬೇಕು. ಶುರುವಿನಲ್ಲಿ ಸ್ವಲ್ಪ ಸ್ವಲ್ಪವೇ ಕಳಿಸಬೇಕು. ಇಷ್ಟೆಲ್ಲ ಆಗಿ ಇಷ್ಟು ವರ್ಷವಾದರೂ, ಟೈಮೌಟ್ ಆದ ತಕ್ಷಣ ಉಸಿರು ಬಿಡದೆ ಮೂರು ಸಲ ಮತ್ತೆ ಕಳಿಸುವ ಕೋಡ್ ಇವತ್ತಿಗೂ ಕಾಣಸಿಗುತ್ತದೆ. ನನಗೆ ಅದು ಸೋಮಾರಿತನ ಅನ್ನಿಸುತ್ತದೆ.

ಈ ನಡುವೆ, 1985ರಲ್ಲಿ, ಫಿಶರ್, ಲಿಂಚ್ ಮತ್ತು ಪ್ಯಾಟರ್ಸನ್ ಎಂಬ ಮೂವರು ಕಂಪ್ಯೂಟರ್ ವಿಜ್ಞಾನಿಗಳು ಗಣಿತದಿಂದಲೇ ಒಂದು ಬೇಸರದ ಸಂಗತಿ ತೋರಿಸಿದ್ದರು. ಸಂದೇಶ ಎಷ್ಟು ತಡವಾಗಬಹುದು ಎಂಬುದಕ್ಕೆ ಮಿತಿಯೇ ಇಲ್ಲದ ಜಾಲದಲ್ಲಿ, ಒಂದು ಯಂತ್ರ ಕೈಕೊಡುವ ಸಾಧ್ಯತೆ ಇದ್ದರೂ ಸಾಕು, ಉಳಿದವು ಒಮ್ಮತಕ್ಕೆ ಬಂದೇ ಬರುತ್ತವೆ ಎನ್ನುವ ಭರವಸೆ ಇಲ್ಲ. ಆಚೆ ಕಡೆಯವನು ಸತ್ತಿದ್ದಾನಾ, ಸುಮ್ನೆ ನಿಧಾನವಾ ಎಂದು ಹೇಳಲು ಬರುವುದಿಲ್ಲ. ಟೈಮೌಟ್ ಎನ್ನುವುದು ಒಂದು ಊಹೆ.

ನೆಟ್‌ವರ್ಕ್ ಬಿಟ್ಟು ಒಂದೇ ಕಂಪ್ಯೂಟರ್ ಒಳಗೆ ಬಂದರೂ ಕಷ್ಟ ತಪ್ಪಲಿಲ್ಲ. ಜಾವಾ ಭಾಷೆಯಲ್ಲಿ ಮೊದಲು ಓಡುತ್ತಿರುವ ಥ್ರೆಡ್ ಅನ್ನು (ಪ್ರೋಗ್ರಾಂ ಒಳಗೆ ತನ್ನಷ್ಟಕ್ಕೆ ಓಡುವ ಕೆಲಸದ ಒಂದು ಎಳೆ) ಹೊರಗಿನಿಂದ ನಿಲ್ಲಿಸುವ 'ಸ್ಟಾಪ್' ಇತ್ತು. 1998ರ ಜಾವಾ 1.2ರಲ್ಲಿ ಅದನ್ನು ಬಳಸಬೇಡಿ ಎಂದುಬಿಟ್ಟರು. ಥ್ರೆಡ್ ಅರ್ಧ ಕೆಲಸ ಮಾಡಿರುವಾಗ ಕೊಂದರೆ ಡೇಟಾವನ್ನು ಬೇರೆಯವರು ಮುಟ್ಟದ ಹಾಗೆ ಅದು ಹಿಡಿದಿದ್ದ ಲಾಕ್‌ಗಳೆಲ್ಲ ಬಿಟ್ಟುಹೋಗಿ, ಅರ್ಧಂಬರ್ಧ ಬದಲಾದ ಡೇಟಾ ಬೇರೆಯವರ ಕೈಗೆ ಸಿಗುತ್ತಿತ್ತು. ಆಗಿನಿಂದ ಒಂದು ತಿಳುವಳಿಕೆ ಗಟ್ಟಿಯಾಯಿತು. ಕೆಲಸವನ್ನು ಬಲವಂತವಾಗಿ ನಿಲ್ಲಿಸಬಾರದು, ನಿಲ್ಲು ಎಂದು ಕೇಳಬೇಕು. ಕೆಲಸ ಮಾಡುವವನು ತನ್ನ ಸಾಮಾನು ಜೋಡಿಸಿಟ್ಟು ನಿಲ್ಲಬೇಕು.

2009ರಲ್ಲಿ ರಯಾನ್ ಡಾಲ್, ಜಾವಾಸ್ಕ್ರಿಪ್ಟನ್ನು ಸರ್ವರ್‌ನಲ್ಲಿ ಓಡಿಸುವ ನೋಡ್ ಜೆಎಸ್ ತಂದ ಮೇಲೆ ಇವೆಂಟ್ ಲೂಪ್ ಎಲ್ಲರಿಗೂ ಪರಿಚಯವಾಯಿತು. ಒಂದೇ ಥ್ರೆಡ್ ಸಾವಿರಾರು ಕೆಲಸಗಳ ನಡುವೆ ಓಡಾಡುತ್ತದೆ. 2015ರಲ್ಲಿ ಪ್ರಾಮಿಸ್, ಅಂದರೆ ಮುಂದೆ ಬರಲಿರುವ ಉತ್ತರಕ್ಕೆ ಈಗಲೇ ಕೊಡುವ ಚೀಟಿ, ಜಾವಾಸ್ಕ್ರಿಪ್ಟ್ ಭಾಷೆಯ ಭಾಗವಾಯಿತು. ಜೊತೆಗೆ ಒಂದು ಜನಪ್ರಿಯ ಉಪಾಯವೂ ಬಂತು: ಕೆಲಸಕ್ಕೂ ಟೈಮರ್‌ಗೂ 'ಪ್ರಾಮಿಸ್ ರೇಸ್' ಇಡುವುದು, ಯಾರು ಮೊದಲು ಬಂದರೂ ಸರಿ. ನೋಡಲು ಚೆಂದ. ಆದರೆ ಟೈಮರ್ ಗೆದ್ದರೂ ಸೋತ ಕೆಲಸ ನಿಲ್ಲುವುದಿಲ್ಲ. ಹೋಟೆಲಲ್ಲಿ ಗೋಳಿಬಜೆಗೆ ಹೇಳಿ, ಹತ್ತು ನಿಮಿಷ ಕಾದು, ಉಡುಪಿಯ ಎಕ್ಸ್‌ಪ್ರೆಸ್ ಬಸ್ ಬಂತೆಂದು ಎದ್ದು ಹೋದ ಹಾಗೆ. ಒಳಗೆ ಅಡುಗೆಯವರಿಗೆ ಗೊತ್ತಿಲ್ಲ, ಬಾಣಲೆಗೆ ಹಿಟ್ಟು ಬೀಳುತ್ತಲೇ ಇರುತ್ತದೆ. ಬ್ರೌಸರ್‌ಗಳಿಗೆ 'ಅಬಾರ್ಟ್ ಕಂಟ್ರೋಲರ್' ಬಂದದ್ದು 2017ರಲ್ಲಿ. ಆಮೇಲಷ್ಟೇ ಪ್ರಾಮಿಸ್ ಕೊಡುವ 'ಫೆಚ್' ಮೂಲಕ ಕಳಿಸಿದ ಕೋರಿಕೆಯನ್ನು ರದ್ದು ಮಾಡಲು ನೇರವಾದ ದಾರಿ ಸಿಕ್ಕಿತು.

ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನವರು ಈ ವಿಷಯದಲ್ಲಿ ಮುಂದಿದ್ದರು. 2010ರಲ್ಲೇ ಅಲ್ಲಿ ಕೆಲಸಕ್ಕೆ 'ನಿಲ್ಲು' ಎಂದು ತಿಳಿಸುವ 'ಕ್ಯಾನ್ಸಲೇಶನ್ ಟೋಕನ್' ಇತ್ತು. ಗೋ ಭಾಷೆ ಇನ್ನೊಂದು ಹೆಜ್ಜೆ ಇಟ್ಟಿತು. 2016ರ ಗೋ 1.7ರಲ್ಲಿ 'ಕಾಂಟೆಕ್ಸ್ಟ್' ಪ್ಯಾಕೇಜ್ ಭಾಷೆಯ ಜೊತೆಗೇ ಬಂತು. ರದ್ದು ಮಾಡುವ ಸೂಚನೆಯ ಜೊತೆ ಗಡುವೂ ಅದರೊಳಗೆ ಇರುತ್ತದೆ. "ಐದು ಸೆಕೆಂಡ್ ಕಾಯಿ" ಎನ್ನುವುದಕ್ಕೂ "10 ಗಂಟೆ 5 ಸೆಕೆಂಡ್‌ಗೆ ಮುಗಿಸು" ಎನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಒಂದು ಕೋರಿಕೆ ಒಂದರ ನಂತರ ಒಂದಾಗಿ ಮೂರು ಸೇವೆಗಳನ್ನು ಕರೆಯುತ್ತದೆ ಎಂದಿಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಐದು ಸೆಕೆಂಡ್ ಕೊಟ್ಟರೆ ಬಳಕೆದಾರ ಹದಿನೈದು ಸೆಕೆಂಡ್ ಕೂರಬೇಕಾಗಬಹುದು. ಗಡುವು ಒಂದೇ ಇದ್ದು ಎಲ್ಲರಿಗೂ ದಾಟುತ್ತಾ ಹೋದರೆ, ಎರಡನೆಯವನಿಗೆ ಉಳಿದದ್ದು ಎಷ್ಟು ಎಂದು ಅವನಿಗೇ ಗೊತ್ತಿರುತ್ತದೆ. ಪೈಥಾನ್‌ನ 'ರಿಕ್ವೆಸ್ಟ್ಸ್' ಲೈಬ್ರರಿ ಬಳಸುವವರಂತೂ ಇದನ್ನು ಗಮನಿಸಲೇಬೇಕು. ಅಲ್ಲಿ ಟೈಮೌಟ್ ಹಾಕದಿದ್ದರೆ ಮಿತಿಯೇ ಇಲ್ಲ. ಹಾಕಿದರೂ ಅದು ಒಟ್ಟು ಸಮಯವಲ್ಲ. ಸರ್ವರ್ ನಾಲ್ಕು ಸೆಕೆಂಡಿಗೊಂದು ಬೈಟ್ ಕೊಡುತ್ತಾ ಕೂತರೆ ನಿಮ್ಮ ಐದು ಸೆಕೆಂಡ್ ಯಾವತ್ತೂ ಮುಗಿಯುವುದಿಲ್ಲ.

ಪೈಥಾನ್‌ನ ಕಥೆ ಸ್ವಲ್ಪ ಉದ್ದ. 2014ರಲ್ಲಿ 3.4 ಆವೃತ್ತಿಯ ಜೊತೆ ಇವೆಂಟ್ ಲೂಪ್‌ನ ಲೈಬ್ರರಿ 'ಅಸಿಂಕ್ ಐಓ' ಬಂದಾಗ ಅದರಲ್ಲಿ ಟೈಮೌಟ್ ಹಾಕಲು 'ವೇಟ್ ಫಾರ್' ಇತ್ತು. ಸಮಯ ಮೀರಿದರೆ ಅದು ಒಳಗಿನ ಕೆಲಸದ ಮೇಲೆ 'ಕ್ಯಾನ್ಸಲ್ಡ್ ಎರರ್' ಎಸೆಯುತ್ತದೆ. ಒಳ್ಳೆಯದೇ. ಆದರೆ ಆ ಎರರ್ ಮಾಮೂಲಿ ಎರರ್‌ಗಳ ಗುಂಪಿನಲ್ಲೇ ಇತ್ತು. ಯಾವ ಎರರ್ ಬಂದರೂ ಲಾಗ್ ಮಾಡಿ ಮುಂದೆ ಹೋಗು ಎಂದು ಬರೆದ ಕೋಡ್ 'ನಿಲ್ಲು' ಎಂಬ ಮಾತನ್ನೂ ನುಂಗಿಬಿಡುತ್ತಿತ್ತು. 2019ರ 3.8ರಲ್ಲಿ ಅದನ್ನು ಆ ಗುಂಪಿನಿಂದ ಹೊರಗೆ ತಂದರು. ಅಷ್ಟರೊಳಗೆ ನಥಾನಿಯಲ್ ಸ್ಮಿತ್ 2017ರಲ್ಲಿ 'ಟ್ರಿಯೊ' ಎಂಬ ಲೈಬ್ರರಿ ಹೊರತಂದಿದ್ದರು. ಟೈಮೌಟ್ ಅನ್ನು ಒಂದೊಂದು ಕರೆಗೆ ಅಂಟಿಸುವ ಬದಲು ಕೋಡಿನ ಒಂದು ಭಾಗಕ್ಕೆ ಬೇಲಿ ಹಾಕಿ, ಆ ಬೇಲಿಯೊಳಗಿನ ಎಲ್ಲಕ್ಕೂ ಒಂದೇ ಗಡುವು ಇಡುವುದು ಅವರ ವಿಚಾರ. ಅದೇ ದಾರಿಯ 'ಟೈಮೌಟ್' ಬ್ಲಾಕ್ ಪೈಥಾನ್‌ನೊಳಗೇ ಬಂದದ್ದು 2022ರ ಅಕ್ಟೋಬರ್‌ನಲ್ಲಿ, 3.11ರ ಜೊತೆ. ಮುಂದಿನ ಆವೃತ್ತಿಯಲ್ಲಿ ಹಳೆಯ 'ವೇಟ್ ಫಾರ್' ಅನ್ನೂ ಅದರ ಮೇಲೆಯೇ ಹೊಸದಾಗಿ ಬರೆದರು.

ಇಷ್ಟಾದರೂ ಒಂದು ಹೊಂಡ ಹಾಗೇ ಇದೆ. ರದ್ದಾಗುವ ಸೂಚನೆ ಕೆಲಸಕ್ಕೆ ತಲುಪುವುದು ಅದು 'ಅವೇಟ್' ಎಂದು, ಅಂದರೆ ಇನ್ನೊಂದರ ಉತ್ತರಕ್ಕೆ ಕಾಯುತ್ತಾ, ನಿಂತಲ್ಲಿ ಮಾತ್ರ. ನಡುವೆ ಮೂವತ್ತು ಸೆಕೆಂಡ್ ಹಿಡಿಯುವ ಮಾಮೂಲಿ ಲೆಕ್ಕಾಚಾರ ಇದ್ದರೆ ಇಡೀ ಲೂಪ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಐದು ಸೆಕೆಂಡಿನ ಟೈಮರ್‌ಗೆ ಬಾಯಿ ತೆರೆಯಲೂ ಅವಕಾಶ ಇಲ್ಲ. ಆ ಕೆಲಸವನ್ನು ಬೇರೆ ಥ್ರೆಡ್‌ಗೆ ಕೊಟ್ಟರೆ ಟೈಮೌಟ್ ಸರಿಯಾಗಿ ಬರುತ್ತದೆ, ಥ್ರೆಡ್ ಮಾತ್ರ ತನ್ನ ಪಾಡಿಗೆ ಓಡುತ್ತಿರುತ್ತದೆ.

ಇನ್ನು ಕೆಲಸ ಬೇರೆ ಯಂತ್ರದಲ್ಲಿದ್ದರೆ ರದ್ದು ಮಾಡುವ ಸೂಚನೆಯೂ ದಾರಿಯಲ್ಲಿ ಕಳೆದುಹೋಗಬಹುದು, ಅಲ್ವಾ? ಅಲ್ಲಿ ಉಪಾಯ ಬೇರೆ. ಪ್ರತಿ ಕೋರಿಕೆಗೂ ಕಳಿಸುವವನೇ ಒಂದು ಗುರುತಿನ ಸಂಖ್ಯೆ ಕೊಡುತ್ತಾನೆ. ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಹೊಸ ಕೆಲಸ ಶುರು ಮಾಡುವುದಿಲ್ಲ, ಹಳೆಯ ಉತ್ತರವನ್ನೇ ಕೊಡುತ್ತದೆ. ಮೀನು ಮಾರ್ಕೆಟ್‌ನಲ್ಲಿ ಬಂಗುಡೆಗೆ ಯುಪಿಐ ಮಾಡುವಾಗ 'ಪೆಂಡಿಂಗ್' ಎಂದು ನಿಂತಿತೆನ್ನಿ. ಮೀನು ಮಾರುವ ಅಕ್ಕ "ಇನ್ನೊಮ್ಮೆ ಹಾಕಿ" ಎನ್ನುತ್ತಾರೆ. ನಾವು ಹೊಸದಾಗಿ ಹಾಕಿದರೆ ಅದಕ್ಕೆ ಹೊಸ ಸಂಖ್ಯೆ, ಬ್ಯಾಂಕಿನ ಮಟ್ಟಿಗೆ ಅದು ಬೇರೆಯೇ ಪಾವತಿ. ಅದಕ್ಕೇ ಮೊದಲು ಹಳೆಯದರ ಸ್ಥಿತಿ ನೋಡುವುದು ಒಳ್ಳೆಯದು. ಇಂಥ ಕಡೆ ಯಂತ್ರದ ಗಡುವು ಮುಗಿದ ಮೇಲೆ ಕಾನೂನಿನ ಗಡುವು ಶುರುವಾಗುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐಯಲ್ಲಿ ಒಬ್ಬರ ಖಾತೆಯಿಂದ ಹಣ ಹೋಗಿ ಇನ್ನೊಬ್ಬರ ಖಾತೆಗೆ ಸೇರದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಮಾಡಿದ ಪಾವತಿಯಾದರೆ ಐದು ದಿನ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಗ್ರಾಹಕರು ದೂರು ಕೊಡದಿದ್ದರೂ.