ಗಾಳಿಮಳೆಗೆ ಮೊದಲು ಅಂಗಳದಿಂದ ಏನನ್ನು ತೆಗೆಯಬೇಕು?

ಪ್ರಶ್ನೆ: ನಮ್ಮದು ಕಾಸರಗೋಡಿನ ಒಳನಾಡಿನಲ್ಲಿ, ಅಡಿಕೆ ತೋಟದ ನಡುವೆ ಇರುವ ಮನೆ. ಚಂಡಮಾರುತದ ಸುದ್ದಿ ಬಂದಾಗಲೆಲ್ಲ ಮನೆಯ ಸುತ್ತಮುತ್ತ ಸ್ವಚ್ಛಗೊಳಿಸಿ ಎನ್ನುತ್ತಾರೆ. ತೆಂಗಿನ ಮಡಲು, ಅಡಿಕೆಯ ಸೋಗೆ, ಅಡಿಕೆ ಹಾಳೆ, ಹಳೆಯ ಹಂಚು, ಶೀಟು ಎಲ್ಲವನ್ನೂ ತೆಗೆಯೋಣವೆಂದರೆ ಆಳು ಸಿಗುವುದಿಲ್ಲ. ಯಾವುದನ್ನು ಮೊದಲು ತೆಗೆಯಬೇಕು?

ಉತ್ತರ: ಎಲ್ಲವನ್ನೂ ತೆಗೆಯುವ ಅಗತ್ಯವಿಲ್ಲ. ತೋಟದೊಳಗೆ ಬಿದ್ದ ಸೋಗೆ, ತರಗೆಲೆಗಳು ಅಲ್ಲೇ ಇರಲಿ. ಮಳೆಯ ಹನಿ ನೇರವಾಗಿ ಮಣ್ಣಿಗೆ ಬಡಿದು ಕೊಚ್ಚಿಹೋಗದಂತೆ ತಡೆಯುವುದು ಅವೇ. ನಿಮ್ಮ ಕೈಯಲ್ಲಿರುವ ಆಳು, ಸಮಯ ಎರಡನ್ನೂ ಮನೆಯ ಸುತ್ತಲಿನ ಜಾಗಕ್ಕೆ ಮೀಸಲಿಡಿ. ಅಲ್ಲಿಯೂ ಗಾಳಿಗೆ ಹಾರುವುದು ಮೊದಲು, ನೀರಿಗೆ ಅಡ್ಡವಾಗುವುದು ಅದರ ಬೆನ್ನಿಗೆ.

ಚಂಡಮಾರುತ ನಮ್ಮೂರಿಗೆ ಬಂದದ್ದೇ ಇಲ್ಲವಲ್ಲ ಎನ್ನುವವರಿದ್ದಾರೆ. ಅದು ನಮ್ಮ ಮೇಲೆಯೇ ಹಾದುಹೋಗಬೇಕೆಂದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕಡಲಿನಲ್ಲೇ ಉತ್ತರಕ್ಕೆ ಸರಿದು 17ರಂದು ಗುಜರಾತಿನಲ್ಲಿ ನೆಲಕ್ಕೆ ಅಪ್ಪಳಿಸಿತು. ಅಷ್ಟು ದೂರ ಹೋಗುವ ದಾರಿಯಲ್ಲೇ ಕಾಸರಗೋಡಿನ ತೀರಕ್ಕೂ ಪೆಟ್ಟು ಕೊಟ್ಟಿತು. ಇನ್ನೊಂದು ಲೆಕ್ಕ ನೆನಪಿರಲಿ: ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿಗೆ ಅಲುಗಾಡಿ ಸುಮ್ಮನಾದ ಶೀಟು 60ಕ್ಕೆ ಕಿತ್ತುಬಂದರೆ ಆಶ್ಚರ್ಯವಿಲ್ಲ.

ಬಚ್ಚಲು ಕೊಟ್ಟಿಗೆ, ಸೌದೆ ಕೊಟ್ಟಿಗೆಗಳ ಮಾಡನ್ನೇ ಮೊದಲು ನೋಡಿ. ಶೀಟು ಹಾರದಿರಲೆಂದು ಮೇಲೆ ಕೆಂಪುಕಲ್ಲಿನ ತುಂಡುಗಳನ್ನೋ ಹಳೆಯ ಟಯರನ್ನೋ ಹೇರಿಡುವುದು ನಮ್ಮಲ್ಲಿ ಬಹಳ ಕಡೆ ಇದೆ. ಗಾಳಿ ಶೀಟಿನ ಅಂಚಿನಡಿ ನುಗ್ಗಿ ಎತ್ತಿದಾಗ ಆ ಕಲ್ಲು ಉರುಳುವುದು ಕೆಳಗೆ ನಿಂತವರ ತಲೆಯ ಮೇಲೆ. ಕಲ್ಲನ್ನು ಇಳಿಸಿ, ಶೀಟನ್ನು ಅಡ್ಡಪಟ್ಟಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಬಿಗಿಯಲು ಬಾರದಷ್ಟು ತುಕ್ಕು ಹಿಡಿದಿದ್ದರೆ ಬಿಚ್ಚಿಬಿಡಿ. ಅಡಿಕೆ ಒಣಗಿಸಲು ಕಟ್ಟಿದ ಪ್ಲಾಸ್ಟಿಕ್ ಹೊದಿಕೆ, ಟರ್ಪಾಲು, ಅಂಗಳದ ಚಪ್ಪರ, ಗೋಡೆಗೆ ಒರಗಿಸಿಟ್ಟ ಏಣಿ, ಖಾಲಿ ಡ್ರಮ್ಮು, ಪ್ಲಾಸ್ಟಿಕ್ ಕುರ್ಚಿ ಎಲ್ಲವೂ ಒಳಗೆ ಹೋಗಲಿ. ಮಾಡಿನ ಮೇಲಿನ ನೀರಿನ ಟ್ಯಾಂಕನ್ನು ತುಂಬಿಸಿಡಿ. ಖಾಲಿ ಟ್ಯಾಂಕು ಸುಲಭವಾಗಿ ಉರುಳುತ್ತದೆ. ಉಳಿಕೆ ಹಂಚುಗಳನ್ನು ಎತ್ತರಕ್ಕೆ ಪೇರಿಸದೆ ಗೋಡೆಯ ಬುಡದಲ್ಲಿ ತಗ್ಗಾಗಿ ಜೋಡಿಸಿದರೆ ಸಾಕು. ರಾಶಿಯ ಎಡೆಗೆ ಕೈ ಹಾಕುವ ಮೊದಲು ಕೋಲಿನಿಂದ ಕದಲಿಸಿ. ಕೊಳಕುಮಂಡಲ ಹಾವಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಸಿಗದು.

ಇನ್ನು ನೀರಿನ ದಾರಿ. ಅಂಗಳದ ನೀರು ಹರಿಯುವ ಕಣಿ ಸ್ವಚ್ಛವಾಗಿದ್ದರೂ ಗೇಟಿನ ಬಳಿ, ದಾರಿಯ ಅಡಿಯಲ್ಲಿ ಹಾಕಿದ ಮೋರಿ ಪೈಪಿನ ಬಾಯಿಯನ್ನು ಬಗ್ಗಿ ನೋಡುವವರು ಕಡಿಮೆ. ಒಂದು ಹಾಳೆ ಅಡ್ಡ ಸಿಕ್ಕಿಕೊಂಡರೆ ಸಾಕು, ಅದಕ್ಕೊಂದು ಪ್ಲಾಸ್ಟಿಕ್ ಚೀಲ ಅಂಟುತ್ತದೆ, ಅದರ ಮೇಲೆ ಹಲಸಿನ ತರಗೆಲೆ, ಕೆಸರು. ಮೊದಲ ಜೋರು ಮಳೆಗೇ ಪೈಪು ಮುಚ್ಚಿ ನೀರು ಜಗಲಿಯತ್ತ ತಿರುಗುತ್ತದೆ. ಮನೆಯ ಹಿಂದೆ ಗುಡ್ಡ ಕಡಿದ ಬರೆ ಇದ್ದರೆ ಅದರ ಮೇಲ್ಗಡೆಯ ಕಣಿಯನ್ನು ಉಳಿದ ಕಣಿಗಳಿಗಿಂತ ಮೊದಲು ಬಿಡಿಸಿ. ಅಲ್ಲಿ ನಿಂತ ನೀರು ಮಣ್ಣಿಗೆ ಇಳಿದರೆ ಬರೆಯೇ ಕುಸಿಯಬಹುದು. ಗುಡಿಸಿದ ಕಸವನ್ನು ಆ ಬರೆಯ ನೆತ್ತಿಗೆ ಸುರಿಯುವುದಂತೂ ಖಂಡಿತ ಬೇಡ. ಒದ್ದೆಯಾದ ಕಸದ ಭಾರವೂ ಬರೆಯ ಮೇಲೆಯೇ ಬೀಳುತ್ತದೆ.

ಮರಗಳ ವಿಷಯದಲ್ಲಿ ಕೈ ಹಿಡಿತದಲ್ಲಿರಲಿ. ಮನೆಗೆ ಬಾಗಿದ ಒಣಕೊಂಬೆ, ತೆಂಗಿನ ಒಣ ಮಡಲು, ಒಣಗಿ ನೇತಾಡುವ ಕಾಯಿ ಇವನ್ನು ಇಳಿಸಿ. ಗಾಳಿ ಹಿಡಿಯದಿರಲಿ ಎಂದು ತೆಂಗಿನ ಹಸಿ ಮಡಲನ್ನೂ ಕಡಿದು ಮರವನ್ನು ಬೋಳಿಸುವವರಿದ್ದಾರೆ. ಅದು ತಪ್ಪು: ಮರ ಸೊರಗುತ್ತದೆ, ಉಳಿದ ಎಳೆಯ ಸುಳಿಗೆ ಆಸರೆ ತಪ್ಪುತ್ತದೆ. ವಿದ್ಯುತ್ ತಂತಿಗೆ ತಾಗಿದ ಕೊಂಬೆಯನ್ನು ನೀವಾಗಿ ಮುಟ್ಟಬೇಡಿ. ವಿದ್ಯುತ್ ಮಂಡಳಿಯ ಸೆಕ್ಷನ್ ಕಚೇರಿಗೆ ತಿಳಿಸಿ, ಇಲ್ಲವೇ 1912ಕ್ಕೆ ಕರೆ ಮಾಡಿ. ನೆರೆಮನೆಯ ಮರ ನಿಮ್ಮ ಮಾಡಿಗೆ ಬಾಗಿದ್ದರೆ ಮೊದಲು ಆ ಮನೆಯವರೊಂದಿಗೆ ಮಾತಾಡಿ. ಆಗದಿದ್ದರೆ ಪಂಚಾಯತ್ ಕಾರ್ಯದರ್ಶಿಗೆ ಬರಹದಲ್ಲಿ ದೂರು ಕೊಡಿ.

ತೆಗೆದದ್ದನ್ನು ತೋಡಿಗೆ ಎಸೆಯಬೇಡಿ, ಬೆಂಕಿಯನ್ನೂ ಹಾಕಬೇಡಿ. ಮಡಲು, ಸೋಗೆ ಕಡಿದು ಅಡಿಕೆ ಬುಡಕ್ಕೆ ಹೋಗಲಿ. ತೆಂಗಿನ ಸಿಪ್ಪೆಯನ್ನು ತೆಂಗಿನ ಬುಡದ ಗುಂಡಿಯಲ್ಲಿ ಹೂತರೆ ಬೇಸಗೆಯಲ್ಲಿ ತೇವ ಹಿಡಿದಿಡುತ್ತದೆ. ಪ್ಲಾಸ್ಟಿಕ್ಕನ್ನು ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರಿಗೆ ಕೊಡಿ. ಹಾಳೆ ಮತ್ತು ತೆಂಗಿನ ಗೆರಟೆಗಳನ್ನು ಮಾತ್ರ ಹೊರಗೆ ಬಿಡಲೇಬಾರದು. ಹಾಳೆಯ ಗುಳಿಯಲ್ಲಿ ಒಂದು ಚಮಚ ನೀರು ನಿಂತರೂ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಹಾರುವ ಸೊಳ್ಳೆಯಾಗಲು ಒಂದೂವರೆ ವಾರವೂ ಬೇಕಾಗಿಲ್ಲ. ಎರಡನ್ನೂ ಮಾಡಿನಡಿ ಪೇರಿಸಿಡಿ, ಇಲ್ಲವೇ ಹಾಳೆಯನ್ನು ದನಗಳಿಗೆ ಹಾಕಿ.

ಯಾವಾಗ? ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಮೇ 24ರ ಆಸುಪಾಸಿಗೆ ಬರುವ ಪತ್ತನಾಜೆಯ (ತುಳುವರ ಬೇಶ ತಿಂಗಳ ಹತ್ತನೆಯ ದಿನ) ಒಳಗೆ ಕೆಲಸ ಮುಗಿದಿರಲಿ. ತೌಕ್ತೆಯಂಥದ್ದು ಅದಕ್ಕೂ ಮೊದಲೇ ಬರಬಹುದಾದ್ದರಿಂದ ಮೇ ಮೊದಲ ವಾರವೇ ಆರಂಭಿಸಿದರೆ ಒಳ್ಳೆಯದು. ಮರವೇರುವವರಿಗೆ ವಿಷುವಿನ ಹೊತ್ತಿಗೇ ಹೇಳಿಡಿ. ಹವಾಮಾನ ಇಲಾಖೆಯ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಬಂದ ದಿನ ಹೊಸದಾಗಿ ಕೊಂಬೆ ಕಡಿಯಲು ಹೊರಡಬೇಡಿ. ಅರ್ಧ ಕಡಿದು ಅಂಗಳದಲ್ಲಿ ಬಿಟ್ಟ ರಾಶಿ, ಕಡಿಯದೆ ಉಳಿದ ಕೊಂಬೆಗಿಂತ ಹೆಚ್ಚು ಅಪಾಯ. ಅಂದು ಹಾರುವಂಥದ್ದನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡರೆ ಸಾಕು.

ಅರಬ್ಬಿ ಸಮುದ್ರದಲ್ಲಿ ಮುಂಗಾರು ಮುಗಿದ ಮೇಲೆ, ಅಕ್ಟೋಬರ್–ನವೆಂಬರ್‌ನಲ್ಲೂ ಚಂಡಮಾರುತ ಏಳುತ್ತದೆ. ಆ ಹೊತ್ತಿಗೆ ಹೊಸ ಅಡಿಕೆ ಅಂಗಳಕ್ಕೆ ಬಂದು ಟರ್ಪಾಲುಗಳೂ ಮತ್ತೆ ಹೊರಬಿದ್ದಿರುತ್ತವೆ. ನವರಾತ್ರಿಗೆ ಮನೆ ಗುಡಿಸುವಾಗ ಮೋರಿಯ ಬಾಯಿ, ಮಾಡಿನ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ.