ಕೊಲೆಗಾರ ಲೈಸೆನ್ಸ್ ಕೇಳುವುದಿಲ್ಲ ಎಂದಮೇಲೆ ಬಂದೂಕಿನ ಕಾನೂನು ಯಾತಕ್ಕೆ?

ಪ್ರಶ್ನೆ: ಭೀಮಾ ತೀರದಲ್ಲಿ ಗುಂಡು ಹಾರಿಸಿದವರಲ್ಲಿ ಯಾರ ಬಳಿಯೂ ಲೈಸೆನ್ಸ್ ಇರುವುದಿಲ್ಲ. ಕಾನೂನು ಪಾಲಿಸುವ ನಾವು ಮಾತ್ರ ಒಂದು ಬಂದೂಕಿಗಾಗಿ ಜಿಲ್ಲಾಧಿಕಾರಿ ಕಚೇರಿಗೆ ಅಲೆಯಬೇಕು. ಲೈಸೆನ್ಸ್ ಸಡಿಲಿಸಿ, ಬೇಕೆಂದವರಿಗೆಲ್ಲ ಬಂದೂಕು ಕೊಟ್ಟರೆ ಕಳ್ಳರೂ ಸುಲಿಗೆಕೋರರೂ ತಾವಾಗಿಯೇ ಹೆದರಿ ಸುಮ್ಮನಾಗುವುದಿಲ್ಲವೇ?

ಉತ್ತರ: ಇಂಡಿ, ಚಡಚಣ, ಆಲಮೇಲ, ಸಿಂದಗಿ ಕಡೆಯ ಓದುಗರಿಂದ ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಹಿಂದೆ ಚುಟುಕಾಗಿ ಉತ್ತರಿಸಿದ್ದೇನೆ. ಚುಟುಕು ಉತ್ತರದಿಂದ ಯಾರಿಗೂ ಸಮಾಧಾನವಾಗಿಲ್ಲ ಎಂಬುದು ಸ್ಪಷ್ಟ. ಆದ್ದರಿಂದ ಈ ಸಲ ವಿವರವಾಗಿಯೇ ಬರೆಯುತ್ತೇನೆ. ಸುಮ್ಮನಾಗುವುದಿಲ್ಲ ಎಂಬುದು ನನ್ನ ಉತ್ತರ. ಅದಕ್ಕಿಂತ ಮುಖ್ಯವಾದದ್ದು, ಈ ಪ್ರಶ್ನೆಯ ಬುಡದಲ್ಲಿ ಗಟ್ಟಿಯಾಗಿ ಕುಳಿತಿರುವ ಒಂದು ನಂಬಿಕೆ: ಕೊಲೆಗಾರ ಲೈಸೆನ್ಸ್ ಕೇಳುವುದಿಲ್ಲ, ಆದ್ದರಿಂದ ಲೈಸೆನ್ಸಿನ ಕಾನೂನು ಕೊಲೆಗಾರನನ್ನು ಮುಟ್ಟುವುದೇ ಇಲ್ಲ ಎಂಬುದು. ಕೇಳಿದೊಡನೆ ಸರಿ ಎನಿಸುವ ಈ ಮಾತು ತಪ್ಪು. ಎರಡು ಕಾರಣಗಳಿಂದ ತಪ್ಪು.

ಮೊದಲನೆಯ ಕಾರಣಕ್ಕೆ ನಮ್ಮ ಭಾಗದ ಪತ್ರಿಕೆಗಳಲ್ಲಿ ಆಗಾಗ ಬರುವ ಒಂದು ಸಣ್ಣ ಸುದ್ದಿಯನ್ನು ನೆನಪಿಸಿಕೊಳ್ಳಿ. ಬಸ್ ನಿಲ್ದಾಣದ ಬಳಿಯೋ ಡಾಬಾದ ಹಿಂದೆಯೋ ಅನುಮಾನಾಸ್ಪದವಾಗಿ ನಿಂತಿದ್ದವನನ್ನು ಪೊಲೀಸರು ಹಿಡಿದರು, ಅವನಿಂದ ಒಂದು ನಾಡ ಪಿಸ್ತೂಲು ಮತ್ತು ಎರಡೋ ಮೂರೋ ಜೀವಂತ ಗುಂಡು ವಶಪಡಿಸಿಕೊಂಡರು, ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲಾಯಿತು ಎಂಬಷ್ಟೇ ಇರುವ ಸುದ್ದಿ ಅದು. ಆ ಮನುಷ್ಯ ಆ ಹೊತ್ತಿಗೆ ಯಾರನ್ನೂ ಕೊಂದಿರಲಿಲ್ಲ, ಯಾರನ್ನೂ ಹೆದರಿಸಿಯೂ ಇರಲಿಲ್ಲ. ಹಾಗಿದ್ದರೆ ಅವನನ್ನು ಹಿಡಿಯುವ ಅಧಿಕಾರ ಪೊಲೀಸರಿಗೆ ಎಲ್ಲಿಂದ ಬಂತು? 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೆಯ ಕಲಮು ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಬಾರದು ಎನ್ನುವುದರಿಂದ, 25ನೆಯ ಕಲಮು ಹಾಗೆ ಇಟ್ಟುಕೊಳ್ಳುವುದನ್ನೇ ಅಪರಾಧ ಎನ್ನುವುದರಿಂದ ಬಂತು. 2019ರ ತಿದ್ದುಪಡಿಯ ನಂತರ ಇದಕ್ಕೆ ಎರಡರಿಂದ ಐದು ವರ್ಷಗಳ ಸೆರೆವಾಸವಿದೆ. ಪರವಾನಗಿಯಿಲ್ಲದೆ ತಯಾರಿಸಿದರೆ ಅಥವಾ ಮಾರಿದರೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಲೈಸೆನ್ಸ್ ಎಂಬುದೇ ಇರದಿದ್ದರೆ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ವೈರಿಯ ದಾರಿ ಕಾಯುತ್ತ ನಿಂತವನೂ ತೋಟ ಕಾಯಲು ಹೊರಟವನೂ ಕಾನೂನಿನ ಕಣ್ಣಿಗೆ ಒಂದೇ ಆಗುತ್ತಿದ್ದರು, ಗುಂಡು ಹಾರುವವರೆಗೆ ಪೊಲೀಸರು ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು. ಕೊಲೆಗಾರ ಲೈಸೆನ್ಸ್ ಕೇಳುವುದಿಲ್ಲ ಎಂಬುದು ನಿಜವೇ. ಆದರೆ ಕೇಳಲಾರದವನನ್ನು ಕೊಲೆಗೆ ಮುಂಚೆಯೇ ಹಿಡಿಯಲು ಸಾಧ್ಯವಾಗುವುದು ಆ ಲೈಸೆನ್ಸಿನ ಕಾನೂನಿನಿಂದಲೇ. ಇದನ್ನು ಎಷ್ಟು ಸಲ ಬರೆದರೂ ಮತ್ತೆ ಬರೆಯಬೇಕಾಗಿ ಬರುತ್ತಿರುವುದು ನನಗೆ ಬೇಸರದ ಸಂಗತಿ.

ಆ ಪಿಸ್ತೂಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಳ್ಳಿಯ ಕುಲುಮೆಯಲ್ಲಿ ಆಗುವ ಕಟ್ಟಾ ಎಂಬ ಒಂಟಿ ಗುಂಡಿನ ಆಯುಧಕ್ಕೆ ಎಷ್ಟೋ ಸಲ ಹಳೆಯ ವಾಹನದ ಸ್ಟಿಯರಿಂಗ್ ಕೊಳವೆಯೇ ನಳಿಗೆ. ಒಳಗೆ ಸುರುಳಿ ಗೀರುಗಳಿಲ್ಲದ ಕಾರಣ ಗುಂಡು ನೇರ ಹೋಗುವ ಖಾತ್ರಿಯಿಲ್ಲ, ನಳಿಗೆ ಸಿಡಿದು ಹಾರಿಸಿದವನ ಬೆರಳೇ ಹೋಗುವುದೂ ಉಂಟು. ಇದಕ್ಕಿಂತ ನಯವಾದ, ಹಲವು ಗುಂಡು ತುಂಬುವ ಮ್ಯಾಗಜಿನ್ ಇರುವ 7.65 ಎಂಎಂ ಪಿಸ್ತೂಲುಗಳು ಬಿಹಾರದ ಮುಂಗೇರ್, ಮಧ್ಯಪ್ರದೇಶದ ಖರಗೋನ್, ಬಡವಾನಿ ಕಡೆಗಳಿಂದ ಮಹಾರಾಷ್ಟ್ರ ದಾಟಿ ಇಲ್ಲಿಗೆ ಬರುತ್ತವೆ. ಅಷ್ಟು ದೂರದಿಂದ ಕದ್ದು ತರಬೇಕಾಗಿರುವುದು, ಕೈಯಿಂದ ಕೈಗೆ ದಾಟಿದಂತೆಲ್ಲ ಬೆಲೆ ಏರುವುದು, ಗುಂಡುಗಳನ್ನು ಎಣಿಸಿ ಎಣಿಸಿ ಕೊಳ್ಳಬೇಕಾಗಿರುವುದು, ಇವೆಲ್ಲ ಕಾನೂನು ಮಾಡಿರುವ ಕೆಲಸ. ಪಿಸ್ತೂಲನ್ನು ಕುಲುಮೆಯಲ್ಲಿ ಮಾಡಬಹುದು, ಒಳ್ಳೆಯ ತೋಟಾವನ್ನು, ಅಂದರೆ ಮದ್ದು ತುಂಬಿದ ಗುಂಡನ್ನು, ಮಾಡುವುದು ಕಷ್ಟ; ಅದು ಕಾರ್ಖಾನೆಯಿಂದಲೇ ಬರಬೇಕು, ಅಂದರೆ ಕಾನೂನುಬದ್ಧ ಸರಕು ಎಲ್ಲೋ ಸೋರಿಯೇ ಕಳ್ಳ ಮಾರುಕಟ್ಟೆಗೆ ತಲುಪಬೇಕು. ಲೈಸೆನ್ಸ್ ಸಡಿಲಿಸಿದರೆ ಮೊದಲು ಹಿಗ್ಗುವುದು ಈ ಸೋರಿಕೆಯೇ. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಮನೆಬಾಗಿಲಲ್ಲಿ ಕೊಂದದ್ದೂ, ಎರಡು ವರ್ಷದ ನಂತರ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದದ್ದೂ ಒಂದೇ 7.65 ಎಂಎಂ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆಯಿಂದ ತಿಳಿದುಬಂತು. ಅಂಥ ಒಂದು ಆಯುಧವನ್ನು ಹಂತಕರು ಜೋಪಾನ ಮಾಡಿಟ್ಟು ಮತ್ತೆ ಬಳಸಿದರು ಎಂಬುದೇ ಅದು ಬೀದಿಯಲ್ಲಿ ಬೇಕೆಂದಾಗ ಸಿಗುವ ಸರಕಲ್ಲ ಎಂಬುದನ್ನು ಹೇಳುತ್ತದೆ.

ಎರಡನೆಯ ಕಾರಣ ಇನ್ನೂ ದೊಡ್ಡದು. ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಕೊಲೆಗಾರನೆಂದರೆ ಹೊರಗಿನಿಂದ ಬರುವ ದರೋಡೆಕೋರ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯನ್ನು ನೋಡಿ. ದೇಶದಲ್ಲಿ ಆ ವರ್ಷ ದಾಖಲಾದ ಕೊಲೆ ಪ್ರಕರಣಗಳು 28,522. ಅವುಗಳಲ್ಲಿ 9,962ಕ್ಕೆ ಕಾರಣ ಜಗಳ, 3,761ಕ್ಕೆ ವೈಯಕ್ತಿಕ ದ್ವೇಷ. ಲಾಭಕ್ಕಾಗಿ ಮಾಡಿದ ಕೊಲೆಗಳು 1,884 ಮಾತ್ರ. ಬದುವಿನ ತಂಟೆ, ಬೋರಿನ ನೀರು, ಪಾಲು ಸರಿಯಾಗಲಿಲ್ಲವೆಂಬ ದಾಯಾದಿ ಸಿಟ್ಟು, ಪಂಚಾಯಿತಿ ಚುನಾವಣೆಯಲ್ಲಿ ಹುಟ್ಟಿದ ಹಗೆ: ನಮ್ಮ ಕೊಲೆಗಳು ಬೆಳೆಯುವ ನೆಲ ಇದು. ಇಂದು ಬದುವಿನ ಮೇಲೆ ಜಗಳ ಎದ್ದಾಗ ಕೈಗೆ ಸಿಗುವುದು ಬಡಿಗೆ, ಕುಡಗೋಲು, ಹೆಚ್ಚೆಂದರೆ ಕೊಡಲಿ. ಅವೂ ಕೊಲ್ಲುತ್ತವೆ, ಅದನ್ನು ನಾನು ಮರೆತಿಲ್ಲ. ಆದರೆ ಕುಡಗೋಲು ಎತ್ತಿದವನ ಕೈಯನ್ನು ಮಗನೋ ನೆರೆಹೊಲದವನೋ ಬಂದು ಹಿಡಿಯಬಹುದು, ಏಟು ತಿಂದವನು ಓಡಬಹುದು, ವಿಜಯಪುರದ ಜಿಲ್ಲಾಸ್ಪತ್ರೆಯವರೆಗೆ ಜೀವ ಹಿಡಿದುಕೊಂಡು ಬರಬಹುದು. ಗುಂಡಿಗೆ ಇಷ್ಟು ಸಮಯ ಕೊಡುವ ಗುಣವಿಲ್ಲ. 1960ರ ದಶಕದಲ್ಲಿ ಶಿಕಾಗೋ ಪೊಲೀಸ್ ದಾಖಲೆಗಳನ್ನು ಪರಿಶೀಲಿಸಿದ ಫ್ರಾಂಕ್ಲಿನ್ ಜಿಮ್ರಿಂಗ್ ಎಂಬ ವಿದ್ವಾಂಸರು, ಚೂರಿ ಹಲ್ಲೆಗಿಂತ ಬಂದೂಕಿನ ಹಲ್ಲೆಯಲ್ಲಿ ಸಾವಿನ ಪ್ರಮಾಣ ಸುಮಾರು ಐದು ಪಟ್ಟು ಹೆಚ್ಚು ಎಂದು ತೋರಿಸಿದರು. ಹಲ್ಲೆಗಾರರ ಉದ್ದೇಶದಲ್ಲಿ ಅಷ್ಟು ವ್ಯತ್ಯಾಸವಿರಲಿಲ್ಲ, ವ್ಯತ್ಯಾಸವಿದ್ದದ್ದು ಆಯುಧದಲ್ಲಿ.

ಬಂದೂಕಿನ ಕಾನೂನು ಮತ್ತು ಹಿಂಸೆಯ ಬಗ್ಗೆ ನಾನು ಹೇಳಬೇಕಾದ ಮಾತು ಇದರಲ್ಲೇ ಇದೆ. ಬಿಗಿ ಕಾನೂನಿನಿಂದ ಜಗಳಗಳ ಸಂಖ್ಯೆ ಇಳಿಯುವುದಿಲ್ಲ. ಸಾವಿನಲ್ಲಿ ಮುಗಿಯುವ ಜಗಳಗಳ ಸಂಖ್ಯೆ ಇಳಿಯುತ್ತದೆ. ಅಮೆರಿಕವೇ ಇದಕ್ಕೆ ನಿದರ್ಶನ. ಕಳವು, ಹೊಡೆದಾಟಗಳಲ್ಲಿ ಆ ದೇಶ ಇತರ ಶ್ರೀಮಂತ ದೇಶಗಳಿಗಿಂತ ವಿಶೇಷವಾಗಿ ಮುಂದಿಲ್ಲ. ಕೊಲೆಯಲ್ಲಿ ಮಾತ್ರ ಹಲವು ಪಟ್ಟು ಮುಂದಿದೆ. ಅಲ್ಲಿ ನೂರು ಜನರಿಗೆ ನೂರಿಪ್ಪತ್ತು ಬಂದೂಕುಗಳಿವೆ ಎಂದು 2017ರ ಒಂದು ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಅದೇ ಅಂದಾಜಿನ ಪ್ರಕಾರ ಭಾರತದಲ್ಲಿ, ಅಕ್ರಮ ಆಯುಧಗಳನ್ನೂ ಸೇರಿಸಿ, ನೂರು ಜನರಿಗೆ ಐದು. ಎಲ್ಲರ ಕೈಯಲ್ಲೂ ಬಂದೂಕಿದ್ದರೆ ಕಳ್ಳ ಹೆದರುತ್ತಾನೆ ಎಂಬುದು ನಿಜವಾಗಿದ್ದರೆ ಅಮೆರಿಕ ಜಗತ್ತಿನಲ್ಲೇ ನೆಮ್ಮದಿಯ ನಾಡಾಗಬೇಕಿತ್ತು. 2021ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು, 26,328 ಜನ, ತಮ್ಮನ್ನು ತಾವೇ ಕೊಂದುಕೊಂಡವರು. ಮನೆಯಲ್ಲಿ ಬಂದೂಕು ಇಡಬೇಕೆನ್ನುವವರು ಕಳ್ಳನನ್ನು ಕಲ್ಪಿಸಿಕೊಳ್ಳುತ್ತಾರೆಯೇ ಹೊರತು, ಸಾಲದಿಂದಲೋ ಸೋಲಿನಿಂದಲೋ ಕಂಗೆಟ್ಟು ರಾತ್ರಿ ಎದ್ದು ಕುಳಿತ ಮನೆಯವರೊಬ್ಬರನ್ನು ಕಲ್ಪಿಸಿಕೊಳ್ಳುವುದಿಲ್ಲ. ರೈತರ ಆತ್ಮಹತ್ಯೆಯ ನೋವನ್ನು ಕಂಡ ಈ ಜಿಲ್ಲೆಗಳಲ್ಲಿ ಇದನ್ನು ಮರೆಯುವುದು ನನ್ನಿಂದಾಗದು.

ಹೆಚ್ಚು ಜನ ಬಂದೂಕು ಹೊತ್ತು ತಿರುಗಿದಷ್ಟೂ ಅಪರಾಧ ಇಳಿಯುತ್ತದೆಂದು 1990ರ ದಶಕದ ಕೊನೆಯಲ್ಲಿ ಅಮೆರಿಕದ ಒಬ್ಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದರು, ಓದುಗರಲ್ಲಿ ಕೆಲವರು ಅದನ್ನು ಉಲ್ಲೇಖಿಸುತ್ತಾರೆ. 2004ರಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿ ಆ ಲೆಕ್ಕಗಳನ್ನೆಲ್ಲ ಮತ್ತೆ ಪರಿಶೀಲಿಸಿ, ಅವುಗಳಿಂದ ಅಂಥ ತೀರ್ಮಾನಕ್ಕೆ ಬರಲಾಗದು ಎಂದಿತು. ಅಪರಾಧ ಏರುತ್ತದೆಂದೂ ಹೇಳಲಾಗದು ಎಂದಿತು. ಮುಂದೆ ಬಂದ ಅಧ್ಯಯನಗಳಲ್ಲಿ ಹಲವು ಏರಿಕೆಯತ್ತ ಬೊಟ್ಟು ಮಾಡಿವೆ. ಮಿಸೌರಿ ರಾಜ್ಯ ಕೈಬಂದೂಕು ಕೊಳ್ಳಲು ಮೊದಲೇ ಅನುಮತಿ ಪಡೆಯಬೇಕೆಂಬ ನಿಯಮವನ್ನು 2007ರಲ್ಲಿ ತೆಗೆದುಹಾಕಿದ ಮೇಲೆ ಅಲ್ಲಿ ಗುಂಡಿನ ಕೊಲೆಗಳು ಹೆಚ್ಚಾದವು ಎಂದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ದಾಖಲಿಸಿದ್ದಾರೆ. ನಮ್ಮ ಲೈಸೆನ್ಸ್ ಪದ್ಧತಿಗೆ ಹತ್ತಿರವಾದ ನಿಯಮ ಅದು.

ಹಾಗೆಂದು ಎಲ್ಲ ಕೀರ್ತಿಯನ್ನೂ ಕಾನೂನಿಗೇ ಕೊಡುವುದು ಪ್ರಾಮಾಣಿಕವಲ್ಲ. 1992ರಲ್ಲಿ ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಸುಮಾರು ನಾಲ್ಕೂವರೆ ಇದ್ದ ಕೊಲೆಯ ಪ್ರಮಾಣ 2022ರಲ್ಲಿ 2.1ಕ್ಕೆ ಇಳಿದಿತ್ತು. ಆ ಮೂವತ್ತು ವರ್ಷವೂ ಜಾರಿಯಲ್ಲಿದ್ದದ್ದು ಅದೇ 1959ರ ಕಾಯ್ದೆ. ಶಿಕ್ಷಣ, ದುಡಿಮೆ, ಪೊಲೀಸ್ ವ್ಯವಸ್ಥೆ, ಊರು ಬಿಟ್ಟು ಸೊಲ್ಲಾಪುರಕ್ಕೋ ಪುಣೆಗೋ ದುಡಿಯಲು ಹೋದ ಹುಡುಗರು, ಹೀಗೆ ಹಲವು ಕಾರಣಗಳನ್ನು ಯೋಚಿಸಬಹುದು. ಆಸ್ಟ್ರೇಲಿಯಾ 1996ರಲ್ಲಿ ಪೋರ್ಟ್ ಆರ್ಥರ್‌ನ 35 ಜನರ ಹತ್ಯೆಯ ನಂತರ ಆರೂವರೆ ಲಕ್ಷದಷ್ಟು ಬಂದೂಕುಗಳನ್ನು ಹಣ ಕೊಟ್ಟು ಹಿಂಪಡೆದಾಗಲೂ, ಕೊಲೆಗಳ ಇಳಿಕೆ ಅದಕ್ಕಿಂತ ಮುಂಚೆಯೇ ಆರಂಭವಾಗಿತ್ತು ಎಂಬ ತಕರಾರಿನಲ್ಲಿ ಹುರುಳಿದೆ. ಬಂದೂಕಿನಿಂದಾಗುವ ಆತ್ಮಹತ್ಯೆ ಮಾತ್ರ ಅಲ್ಲಿ ಗಣನೀಯವಾಗಿ ಕಡಿಮೆಯಾಯಿತು.

ಕೊಡಗನ್ನು ಎತ್ತಿ ತೋರಿಸುವವರಿಗೂ ಒಂದು ಮಾತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ, ರಾಜ್ಯದ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಅದು ಲೆಕ್ಕಕ್ಕೆ ಸಿಗದ ಬಂದೂಕಲ್ಲ. ವಿನಾಯಿತಿ ಪತ್ರವಿದೆ, ಯಾವ ಮನೆತನದ್ದೆಂದು ಗೊತ್ತಿದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಮರ್ಯಾದೆಯಿದೆ. ಅದನ್ನು ಭೀಮೆಯ ದಂಡೆಗೆ ನಕಲು ಮಾಡಲು ಬಾರದು.

ಬಾಗಲಕೋಟೆಯ ಓದುಗರು ಹಲಗಲಿಯ ಬೇಡರನ್ನು ನೆನಪಿಸುತ್ತಾರೆ, ಅದು ನನಗೂ ಹೆಮ್ಮೆಯ ಸಂಗತಿಯೇ. ಮುಧೋಳ ಸೀಮೆಯ ಆ ಊರಿನವರು 1857ರಲ್ಲಿ ಹತಾರ ಒಪ್ಪಿಸಿ ಎಂಬ ಕಂಪನಿಯ ಆಜ್ಞೆಗೆ ಬಗ್ಗದೆ ಹೋರಾಡಿ ಗಲ್ಲಿಗೇರಿದರು. ಪರಕೀಯ ಸರ್ಕಾರ ಆಳಿಸಿಕೊಳ್ಳುವವರ ಕೈ ಬರಿದು ಮಾಡಲು ತಂದ ಆಜ್ಞೆ ಅದು. 1878ರ ಕಾಯ್ದೆಯಂತೂ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟು ನಮ್ಮವರನ್ನು ಮಾತ್ರ ಕಟ್ಟಿಹಾಕಿತು. 1959ರ ಕಾಯ್ದೆ ನಮ್ಮ ಸಂಸತ್ತು ಮಾಡಿದ್ದು. ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸ್ ನಿರಾಕರಿಸಬಾರದು ಎಂದು ಅದರ 14ನೆಯ ಕಲಮು ಹೇಳುತ್ತದೆ. ಕಚೇರಿಗಳಲ್ಲಿ ಬಡವರ ಅರ್ಜಿ ಕೊಳೆಯುತ್ತದೆ ಎಂಬ ದೂರು ನಿಜವಿರಬಹುದು. ನಿರಾಕರಣೆಗೆ ಲಿಖಿತ ಕಾರಣ ಕೇಳಿ, 18ನೆಯ ಕಲಮಿನಡಿ ಮೇಲ್ಮನವಿ ಸಲ್ಲಿಸಿ. ಕಾನೂನನ್ನೇ ಕಿತ್ತೊಗೆಯಬೇಕೆನ್ನುವುದು ಆ ದೂರಿಗೆ ಪರಿಹಾರವಲ್ಲ.

ಯಾರೂ ನೇರವಾಗಿ ಕೇಳದ, ಆದರೆ ಇದಕ್ಕಿಂತ ಹೆಚ್ಚು ಮನೆಗಳಿಗೆ ಸಂಬಂಧಿಸಿದ ಇನ್ನೊಂದು ವಿಷಯವಿದೆ: ಅಜ್ಜನ ಕಾಲದ ಬಂದೂಕು. ವಾಡೆಗಳ ಅಟ್ಟದ ಮೇಲೆ, ದೇವರಮನೆಯ ಮೂಲೆಯಲ್ಲಿ, ಲೈಸೆನ್ಸುದಾರ ತೀರಿಕೊಂಡು ವರ್ಷಗಳಾದರೂ ಬಟ್ಟೆ ಸುತ್ತಿ ಇಟ್ಟ ಒಂಟಿ ನಳಿಗೆ, ಜೋಡಿ ನಳಿಗೆಗಳು ಹಲವು ಕಡೆ ಇವೆ. ಯಾರೂ ಬಳಸುವುದಿಲ್ಲವಲ್ಲ ಎಂದು ಮನೆಯವರು ಸುಮ್ಮನಿರುತ್ತಾರೆ. ಲೈಸೆನ್ಸ್ ವ್ಯಕ್ತಿಗೆ ಕೊಟ್ಟದ್ದು, ಮನೆಗೆ ಕೊಟ್ಟದ್ದಲ್ಲ. ಅವರು ಹೋದ ಮೇಲೆ ಅದನ್ನು ಇಟ್ಟುಕೊಂಡವರು ನಾಡ ಪಿಸ್ತೂಲು ಇಟ್ಟುಕೊಂಡವನ ಮೇಲೆ ಹಾಕುವ ಅದೇ ಕಲಮಿನ ವ್ಯಾಪ್ತಿಗೆ ಬರುತ್ತಾರೆ. ಮನೆ ಪಾಲಾಗುವ ಗದ್ದಲದಲ್ಲಿ ಕಾಣೆಯಾಗಿ ಕಳ್ಳ ಮಾರುಕಟ್ಟೆ ಸೇರುವ ಅಪಾಯವೂ ಇಂಥವಕ್ಕಿದೆ. 21ನೆಯ ಕಲಮಿನ ಪ್ರಕಾರ ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಹೊಂದಿದ ವ್ಯಾಪಾರಿಯ ಬಳಿ ಒಪ್ಪಿಸಿ, ರಸೀದಿ ಪಡೆಯಿರಿ. ವಾರಸುದಾರರೊಬ್ಬರಿಗೆ ಅದು ಬೇಕಿದ್ದರೆ 2016ರ ನಿಯಮಗಳಲ್ಲಿ ಅವರ ಹೆಸರಿಗೆ ಲೈಸೆನ್ಸ್ ಕೇಳಲು ಅವಕಾಶವಿದೆ. ಲೈಸೆನ್ಸುದಾರರು ಬದುಕಿದ್ದಾಗಲೇ, ಅವರಿಗೆ ಎಪ್ಪತ್ತು ವರ್ಷ ತುಂಬಿದ್ದರೆ ಅಥವಾ ಬಂದೂಕು ಅವರ ಬಳಿ ಇಪ್ಪತ್ತೈದು ವರ್ಷ ಇದ್ದಿದ್ದರೆ, ತಾವು ಸೂಚಿಸಿದ ವಾರಸುದಾರರ ಹೆಸರಿಗೆ ಮಾಡಿಸಬಹುದು. ಆ ವಾರಸುದಾರರಿಗೆ ಇಪ್ಪತ್ತೊಂದು ತುಂಬಿರಬೇಕು, ಅವರ ಬಳಿ ಆಗಲೇ ಎರಡು ಬಂದೂಕುಗಳಿರಬಾರದು. ಮೂರಿದ್ದ ಮಿತಿಯನ್ನು 2019ರಲ್ಲಿ ಎರಡಕ್ಕೆ ಇಳಿಸಿದ್ದಾರೆ.