ಎಂಟು ಸೊನ್ನೆಗಳ ಮೊತ್ತ

"ಡಾಕ್ಟ್ರೇ, ಈ ಬಾಟಲಿ ಮೇಲೆ ಬಿಪಿಎ ಇಲ್ಲ ಅಂತ ಬರೆದಿದೆ. ಹಾಗಾದ್ರೆ ಭಯ ಇಲ್ಲ, ಅಲ್ವಾ?"

ಹಾರ್ಮೋನಿನ ತೊಂದರೆಗಳನ್ನು ನೋಡುವ ವೈದ್ಯೆಯಾದ ನನಗೆ ಈ ಪ್ರಶ್ನೆ ಆಗಾಗ ಬರುತ್ತದೆ. ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ನಮ್ಮ ಮೈ ಸೇರುವುದು ಒಂದೇ ಬಾಟಲಿಯ ಒಂದೇ ರಾಸಾಯನಿಕ ಅಲ್ಲವಲ್ಲ.

ಬಿಪಿಎ, ಅಂದರೆ ಬಿಸ್ಫೀನಾಲ್-ಎ, ಹಾರ್ಮೋನಿನಂತೆ ವರ್ತಿಸುತ್ತದೆ ಎಂಬುದು ಹಳೆಯ ಸಂಗತಿ. 1930ರ ದಶಕದಲ್ಲೇ ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಡಾಡ್ಸ್ ಕೃತಕ ಈಸ್ಟ್ರೋಜನ್ (ಹೆಣ್ಣಿನ ಮುಖ್ಯ ಹಾರ್ಮೋನು) ಹುಡುಕುತ್ತಾ ಇದನ್ನೂ ಪರೀಕ್ಷಿಸಿದ್ದರು. ಕೆಲಸ ಮಾಡಿತು, ಆದರೆ ಶಕ್ತಿ ಕಡಿಮೆ. ಇನ್ನೂ ಬಲವಾದದ್ದು ಸಿಕ್ಕಿತು, ಇದು ಮೂಲೆಗೆ ಸೇರಿತು. ಮುಂದೆ ಗಟ್ಟಿ ಪ್ಲಾಸ್ಟಿಕ್ಕಿಗೆ, ಆಹಾರದ ಡಬ್ಬಿಗಳ ಒಳಲೇಪಕ್ಕೆ ಬಂತು. ಔಷಧಿಯಾಗಲು ಫೇಲಾದದ್ದು ಅಡುಗೆಮನೆಗೆ ಪಾಸಾಯಿತು!

"ಶಕ್ತಿ ಕಡಿಮೆ" ಅನ್ನುವುದೇ ಬಹಳ ಕಾಲ ಸಮಾಧಾನದ ಮಾತಾಗಿತ್ತು. 2002ರಲ್ಲಿ ಲಂಡನ್ನಿನ ಆಂಡ್ರಿಯಾಸ್ ಕೊರ್ಟೆನ್‌ಕ್ಯಾಂಪ್ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗದ ವರದಿ ಪ್ರಕಟಿಸಿದರು. ಈಸ್ಟ್ರೋಜನ್ನನ್ನು ಅನುಕರಿಸುವ ಎಂಟು ದುರ್ಬಲ ರಾಸಾಯನಿಕಗಳು, ಬಿಪಿಎ ಕೂಡ ಅದರಲ್ಲಿತ್ತು. ಒಂದೊಂದನ್ನೂ ಏನೂ ಪರಿಣಾಮ ಕಾಣದಷ್ಟು ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡರು. ಎಂಟನ್ನೂ ಸೇರಿಸಿ ಯೀಸ್ಟ್ ಕೋಶಗಳಿಗೆ ಹಾಕಿದಾಗ ಪರಿಣಾಮ ಎದ್ದು ಕಂಡಿತು. ಕೆಟ್ಟು ನಿಂತ ಕಾರನ್ನು ಒಬ್ಬ ತಳ್ಳಿದರೆ ಅಲ್ಲಾಡುವುದಿಲ್ಲ, ಎಂಟು ಜನ ಕೈ ಹಾಕಿದರೆ ಹೊರಡುತ್ತದೆ. ಹಾಗಂತ ಆ ಒಬ್ಬನ ಬಲ ಸೊನ್ನೆ ಅಲ್ಲ. ಜೊತೆಗೆ ನಮ್ಮ ದೇಹದ ಸ್ವಂತ ಹಾರ್ಮೋನು ಮೊದಲೇ ತಳ್ಳುತ್ತಿರುತ್ತದೆ, ಅದನ್ನು ಮರೆಯಬಾರದು.

ಎಲ್ಲವೂ ಒಂದೇ ಕಡೆಯಿಂದ ತಳ್ಳಬೇಕೆಂದೂ ಇಲ್ಲ. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವ ಕೆಲವು ಥ್ಯಾಲೇಟುಗಳು ಗರ್ಭದಲ್ಲಿರುವ ಗಂಡು ಇಲಿಮರಿಯಲ್ಲಿ ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನ್ ತಯಾರಿಯನ್ನೇ ತಗ್ಗಿಸುತ್ತವೆ. ಕೆಲವು ಕೀಟನಾಶಕ, ಶಿಲೀಂಧ್ರನಾಶಕಗಳು ತಯಾರಾದ ಹಾರ್ಮೋನು ಕೆಲಸ ಮಾಡದಂತೆ ತಡೆಯುತ್ತವೆ. ದಾರಿ ಬೇರೆ, ಮುಟ್ಟುವ ಜಾಗ ಒಂದೇ. ಇಲಿಗಳಿಗೆ ಇಂಥವನ್ನು ಬೆರೆಸಿ ಕೊಟ್ಟಾಗ, ಒಂಟಿಯಾಗಿ ತೊಂದರೆ ಮಾಡದ ಪ್ರಮಾಣದಲ್ಲೇ ಮರಿಗಳ ಜನನಾಂಗದಲ್ಲಿ ದೋಷ ಕಂಡಿತು.

ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡುವಂತಿಲ್ಲ, ಸರಿಯೇ. ಸ್ವೀಡನ್ನಿನಲ್ಲಿ ಗರ್ಭಿಣಿಯರ ರಕ್ತ, ಮೂತ್ರದಲ್ಲಿದ್ದ ಇಂಥ ರಾಸಾಯನಿಕಗಳ ಬೆರಕೆಯನ್ನು ಅಳೆದು, ಅವರ ಮಕ್ಕಳ ಮಾತಿನ ಬೆಳವಣಿಗೆಯನ್ನು ಎರಡೂವರೆ ವರ್ಷಕ್ಕೆ ನೋಡಿದರು. 2022ರಲ್ಲಿ ಬಂದ ವರದಿಯ ಪ್ರಕಾರ, ಬೆರಕೆ ಜಾಸ್ತಿಯಿದ್ದ ತಾಯಂದಿರ ಮಕ್ಕಳಲ್ಲಿ ಮಾತು ತಡವಾಗುವುದು ಹೆಚ್ಚು. ಇದು ನಂಟು, ಒಬ್ಬೊಬ್ಬ ಮಗುವಿನ ವಿಷಯದಲ್ಲಿ ರುಜುವಾತಲ್ಲ. ಅದಕ್ಕೇ "ನನ್ನ ಥೈರಾಯ್ಡಿಗೆ ಪ್ಲಾಸ್ಟಿಕ್ಕೇ ಕಾರಣವಾ" ಎಂದು ಕೇಳಿದರೆ ನಾನು ಹೌದೆಂದು ತಲೆ ಆಡಿಸುವುದಿಲ್ಲ.

ಕಾನೂನು ಬಹುಪಾಲು ಇನ್ನೂ ಒಂದೊಂದನ್ನೇ ತೂಗುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಬಿಪಿಎ ದಿನದ ಮಿತಿಯನ್ನು 20,000 ಪಟ್ಟು ಇಳಿಸಿತು. ಒಳ್ಳೆಯದೇ. ಆದರೆ ಅದರ ಜಾಗಕ್ಕೆ ಬಂದ ಬಿಸ್ಫೀನಾಲ್-ಎಸ್ ಕೂಡ ಅದೇ ಮನೆತನದ್ದು, ಅದಕ್ಕೂ ಈಸ್ಟ್ರೋಜನ್ನಿನ ಗುಣವಿದೆ. ಬಾಟಲಿಯ ಮೇಲಿನ "ಇಲ್ಲ" ನನಗೆ ಸಾಲದಿರುವುದು ಇದಕ್ಕೇ. ಥ್ಯಾಲೇಟುಗಳ ವಿಷಯದಲ್ಲಿ ಮಾತ್ರ ಅಲ್ಲಿ ಬುದ್ಧಿವಂತಿಕೆ ತೋರಿದ್ದಾರೆ. 2020ರಿಂದ ಅನೇಕ ದಿನಬಳಕೆ ವಸ್ತುಗಳಲ್ಲಿ ನಾಲ್ಕು ಥ್ಯಾಲೇಟುಗಳ ಒಟ್ಟು ಪ್ರಮಾಣ ಶೇ. 0.1 ಮುಟ್ಟುವಂತಿಲ್ಲ. ಒಟ್ಟು, ಒಂದೊಂದರದ್ದಲ್ಲ!

"ಒಂದು ಟೆಸ್ಟ್ ಮಾಡಿಸಿ" ಎನ್ನುವವರಿಗೆ ಬೇಡ ಅನ್ನುತ್ತೇನೆ. ಬಿಪಿಎ, ಥ್ಯಾಲೇಟು ಎರಡೂ ಹೆಚ್ಚಾಗಿ ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೊರಹೋಗುತ್ತವೆ. ರಿಪೋರ್ಟು ಹೇಳುವುದು ನೆನ್ನೆಯ ಊಟದ ಕಥೆ ಅಷ್ಟೆ. ಬೇಗ ಹೋಗುವುದು ಒಂದು ಲೆಕ್ಕದಲ್ಲಿ ಒಳ್ಳೆಯದು, ಒಳಗೆ ಬರುವುದು ನಿಂತರೆ ಮಟ್ಟ ಸರಸರ ಇಳಿಯುತ್ತದೆ. ಬಿಸಿ ಊಟ, ಎಣ್ಣೆ ಪದಾರ್ಥ ಪ್ಲಾಸ್ಟಿಕ್ಕಿಗೆ ಹಾಕಬೇಡಿ, ಮೈಕ್ರೋವೇವಿನಲ್ಲಂತೂ ಬೇಡವೇ ಬೇಡ. ಸುಮ್ನೆ ಎಲ್ಲ ಡಬ್ಬಿ ಎಸೆಯುವ ಅಗತ್ಯವಿಲ್ಲ, ಒಣ ಬೇಳೆ ಅದರಲ್ಲೇ ಇರಲಿ.